ಪಂದ್ಯದ ಪಿಕಪ್‌ಗಳ ಎಂಜಿನು ಏಕೆ ಒಡೆಯುತ್ತದೆ?

ಅಮೆರಿಕದ ಇಂಡಿಯಾನಾ, ಓಹಾಯೊ ಮೊದಲಾದ ರಾಜ್ಯಗಳಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗೆ ಹಿಮದ ಕಾಲ. ಮುಸುಕಿನ ಜೋಳ, ಸೋಯಾ ಬೆಳೆಯುವ ಹೊಲಗಳಲ್ಲಿ ಕೆಲಸ ನಿಂತಿರುತ್ತದೆ. ಈ ತಿಂಗಳುಗಳಲ್ಲಿ ಅಲ್ಲಿಯ ಎಷ್ಟೋ ಮಂದಿ ರೈತರೂ ಮೆಕ್ಯಾನಿಕ್‌ಗಳೂ ಸಾಗಾಣಿಕೆದಾರರೂ ಕೊಟ್ಟಿಗೆಯೊಳಗೆ ಡೀಸೆಲ್ ಎಂಜಿನು ಬಿಚ್ಚಿಟ್ಟುಕೊಂಡು ಕೂತಿರುತ್ತಾರೆ. ಹೋದ ವರ್ಷ ಯಾರ ಕ್ರ್ಯಾಂಕು ತುಂಡಾಯಿತು, ಯಾರ ಪಿಸ್ಟನ್ ಕರಗಿತು, ಈ ಸಲ ಯಾವ ಬೋಲ್ಟು ಹಾಕಿದರೆ ಹೆಡ್ಡು ನಿಲ್ಲುತ್ತದೆ ಎಂಬುದೇ ಅವರ ಮಾತು. ಏಪ್ರಿಲ್ ಬಂತೆಂದರೆ ಪಂದ್ಯಗಳ ಕಾಲ ಶುರು. ಅಷ್ಟರೊಳಗೆ ಎಂಜಿನು ಮತ್ತೆ ಜೋಡಣೆಯಾಗಿ ಗಾಡಿಗೆ ಏರಿರಬೇಕು.

ಕಾಫಿ, ಅಡಿಕೆ ಬೆಳೆಯುವ ನಮಗೂ ಈ ಪಂದ್ಯಕ್ಕೂ ಏನು ಸಂಬಂಧ ಎಂದು ಸದಸ್ಯರು ಕೇಳಬಹುದು. ಪಂದ್ಯದೊಂದಿಗೆ ಸಂಬಂಧವಿಲ್ಲ, ಎಂಜಿನಿನೊಂದಿಗೆ ಇದೆ. ಆ ಪಂದ್ಯಗಳಲ್ಲಿ ಅತಿ ಹೆಚ್ಚು ಹೆಸರು ಮಾಡಿದ್ದು ಕಮಿನ್ಸ್ ಕಂಪೆನಿಯ ಬಿ ಸರಣಿಯ ಆರು ಸಿಲಿಂಡರಿನ 5.9 ಲೀಟರ್ ಎಂಜಿನು. ಅದು ಹುಟ್ಟಿದ್ದು ಪಂದ್ಯಕ್ಕಾಗಿ ಅಲ್ಲ; ಕೇಸ್ ಎಂಬ ಟ್ರಾಕ್ಟರು ಕಂಪೆನಿಯೊಡನೆ ಸೇರಿ 1980ರ ದಶಕದಲ್ಲಿ ಹೊಲದ ಯಂತ್ರಗಳಿಗೂ ಲಾರಿಗಳಿಗೂ ಆಗುವಂತೆ ಮಾಡಿದ ಎಂಜಿನು ಅದು. 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆ ಇದೇ ಸರಣಿಯ ಎಂಜಿನನ್ನು ಜಮ್‌ಶೆಡ್‌ಪುರದಲ್ಲಿ ತಯಾರಿಸಿತು. ನಮ್ಮ ಮಾಲು ಹೊತ್ತು ಘಾಟಿ ಇಳಿದ ಎಷ್ಟೋ ಟಾಟಾ ಲಾರಿಗಳ ಬಾನೆಟ್ಟಿನ ಅಡಿಯಲ್ಲಿ ಇದ್ದುದು ಇದೇ. ಇನ್ನು ತೋಟದ ಕೆರೆಯ ಬದಿಯಲ್ಲಿ ಸ್ಪ್ರಿಂಕ್ಲರಿಗೆ ನೀರು ತಳ್ಳುವ ಡೀಸೆಲ್ ಎಂಜಿನು ಗಾತ್ರದಲ್ಲಿ ಚಿಕ್ಕದಾದರೂ ಬದುಕುವ, ಸಾಯುವ ರೀತಿ ಒಂದೇ. ನಾವು ಹತ್ತು ವರ್ಷಗಳಲ್ಲಿ ನೋಡುವ ಸವೆತವನ್ನು ಪಂದ್ಯದವರು ಒಂದು ಸಂಜೆಯಲ್ಲಿ ನೋಡಿಬಿಡುತ್ತಾರೆ. ಅವರು ಒಡೆದ ಎಂಜಿನುಗಳಿಂದ ನಮಗೆ ಪುಕ್ಕಟೆಯಾಗಿ ತಿಳಿಯುವುದು ಬಹಳವಿದೆ.

ಎರಡು ಬಗೆಯ ಪಂದ್ಯ

ಪಿಕಪ್ ಎಂದಾಗ ನಮ್ಮಲ್ಲಿ ಹಣ್ಣು ಸಾಗಿಸುವ ಸಣ್ಣ ಗಾಡಿಯನ್ನು ನೆನೆಯಬಾರದು. ಅಲ್ಲಿಯ ದೊಡ್ಡ ಡೀಸೆಲ್ ಪಿಕಪ್ ಬರಿಯದೇ ಸುಮಾರು 3 ಟನ್ ತೂಗುತ್ತದೆ. ದನದ ಟ್ರೇಲರ್, ಹುಲ್ಲಿನ ಟ್ರೇಲರ್ ಎಳೆಯುವುದು ಅದರ ನಿತ್ಯದ ಕೆಲಸ. ಕಮಿನ್ಸ್ ಎಂಜಿನಿರುವ ಡಾಡ್ಜ್ ಗಾಡಿ, ಪವರ್ ಸ್ಟ್ರೋಕ್ ಎಂಜಿನಿರುವ ಫೋರ್ಡ್ ಗಾಡಿ, ಡ್ಯುರಮ್ಯಾಕ್ಸ್ ಎಂಜಿನಿರುವ ಜನರಲ್ ಮೋಟಾರ್ಸ್ ಗಾಡಿ, ಹೀಗೆ ಮೂರು ಮನೆತನಗಳು. ಒಬ್ಬೊಬ್ಬರಿಗೆ ಒಂದೊಂದು ಮನೆತನದ ಮೇಲೆ ಅಭಿಮಾನ. ಅದು ನಮ್ಮಲ್ಲಿ ಅರೇಬಿಕಾ ಮೇಲೋ ರೊಬಸ್ಟಾ ಮೇಲೋ ಎಂಬ ವಾದದಷ್ಟೇ ಮುಗಿಯದ್ದು.

ಪಂದ್ಯ ಮುಖ್ಯವಾಗಿ ಎರಡು ಬಗೆ. ಒಂದು ನೇರ ಓಟ. ಎರಡು ಗಾಡಿಗಳು ಪಕ್ಕಪಕ್ಕ ನಿಂತು ನೇರ ರಸ್ತೆಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಓಡುತ್ತವೆ. ಡೀಸೆಲ್ ಪಿಕಪ್‌ಗಳು ಹೆಚ್ಚಾಗಿ ಅದರ ಅರ್ಧದಷ್ಟು, 201 ಮೀಟರ್, ಓಡುವುದುಂಟು. ಇಲ್ಲಿ ಒಂದು ವಿಚಿತ್ರ ವರ್ಗವಿದೆ. 7.70 ಸೆಕೆಂಡ್ ಎಂದು ಕಾಲ ಗೊತ್ತುಮಾಡಿರುತ್ತಾರೆ. ಅದಕ್ಕಿಂತ ಬೇಗ ಗುರಿ ಮುಟ್ಟಿದವನು ಸೋತಂತೆ. ಆದುದರಿಂದ ಆ ವರ್ಗದಲ್ಲಿ ಎಂಜಿನಿನ ಜೀವ ಹಿಂಡಿ ಶಕ್ತಿ ತೆಗೆದು ಪ್ರಯೋಜನವಿಲ್ಲ. ಪ್ರತಿ ಸಲವೂ ಒಂದೇ ಸಮನೆ ಓಡುವ ಗಾಡಿ ಗೆಲ್ಲುತ್ತದೆ. ಕೈಯಲ್ಲಿ ಕಾಸು ಕಡಿಮೆ ಇರುವವರು ಅಲ್ಲಿಗೇ ಹೋಗುತ್ತಾರೆ, ಮತ್ತು ವರ್ಷದ ಕೊನೆಗೆ ಅದೇ ಎಂಜಿನು ಅವರ ಗಾಡಿಯಲ್ಲಿ ಉಳಿದಿರುತ್ತದೆ.

ಎರಡನೆಯದು ಭಾರ ಎಳೆಯುವ ಪಂದ್ಯ. ಇದು ಹಳ್ಳಿಯ ಪಂದ್ಯ, ಕುದುರೆಗಳ ಕಾಲದಿಂದ ಬಂದದ್ದು. ಇದಕ್ಕೆಂದೇ 1969ರಲ್ಲಿ ಟ್ರಾಕ್ಟರು ಎಳೆತದವರ ರಾಷ್ಟ್ರೀಯ ಸಂಘವೊಂದು ಅಲ್ಲಿ ಸ್ಥಾಪನೆಯಾಯಿತು. ಓಹಾಯೊದ ಬೌಲಿಂಗ್ ಗ್ರೀನ್ ಊರಿನಲ್ಲಿ ಆಗಸ್ಟಿನಲ್ಲಿ ನಡೆಯುವ ಪಂದ್ಯ ಅವರಿಗೆ ಜಾತ್ರೆಯಿದ್ದಂತೆ. ಎಳೆಯಬೇಕಾದ ಬಂಡಿಯ ಮೇಲೆ ಒಂದು ತೂಕದ ಪೆಟ್ಟಿಗೆ ಇರುತ್ತದೆ. ಗಾಡಿ ಮುಂದೆ ಸಾಗಿದಂತೆಲ್ಲ ಆ ಪೆಟ್ಟಿಗೆ ತಾನಾಗಿಯೇ ಹಿಂದಿನಿಂದ ಮುಂದಕ್ಕೆ ಸರಿದು, ಬಂಡಿಯ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಆರಂಭದಲ್ಲಿ ಹಗುರ, ಕೊನೆಗೆ ಗೋಡೆಯನ್ನು ಎಳೆದಂತೆ. 300 ಅಡಿ ಎಳೆದರೆ ಪೂರ್ತಿ ಗೆದ್ದ ಹಾಗೆ. ಎಂಜಿನಿನ ವೇಗ ಕುಗ್ಗುತ್ತಿರುವಾಗಲೇ ಹೊರೆ ಏರುವುದರಿಂದ ಎಂಜಿನಿಗೆ ಇದಕ್ಕಿಂತ ಕ್ರೂರವಾದ ಪರೀಕ್ಷೆ ಮತ್ತೊಂದಿಲ್ಲ.

2016ರಲ್ಲಿ ಆರಂಭವಾದ ಒಂದು ಸ್ಪರ್ಧೆಯಲ್ಲಂತೂ ಒಂದೇ ಗಾಡಿ ನೇರ ಓಟವನ್ನೂ ಭಾರ ಎಳೆತವನ್ನೂ ಮಾಡಿ, ಉರುಳೆಗಳ ಮೇಲೆ ನಿಂತು ಅಶ್ವಶಕ್ತಿಯನ್ನೂ ತೋರಿಸಬೇಕು. ಅಲ್ಲಿ 2000 ಅಶ್ವಶಕ್ತಿಗೂ ಮೀರಿ ಕೊಟ್ಟ ಗಾಡಿಗಳಿವೆ. ಕಾರ್ಖಾನೆಯಿಂದ 1989ರಲ್ಲಿ ಡಾಡ್ಜ್ ಗಾಡಿಯಲ್ಲಿ ಬಂದಾಗ ಈ 5.9 ಲೀಟರ್ ಎಂಜಿನಿನ ಶಕ್ತಿ 160 ಅಶ್ವಶಕ್ತಿ. ಆ 160 ಹೇಗೆ 2000 ಆಯಿತು, ಆದಾಗ ಏನೇನು ಒಡೆಯುತ್ತದೆ ಎಂಬುದೇ ಈ ಲೇಖನದ ವಿಷಯ.

ಶಕ್ತಿ ಬರುವುದು ಎಲ್ಲಿಂದ?

ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯ ಬಾಗಿಲನ್ನು ತೆರೆದು ಮುಚ್ಚಿ ವೇಗ ಹೊಂದಿಸುತ್ತಾರೆ. ಡೀಸೆಲಿನಲ್ಲಿ ಹಾಗಲ್ಲ. ಗಾಳಿ ಯಾವಾಗಲೂ ಪೂರ್ತಿ ಬರುತ್ತದೆ. ಪಂಪು ಎಷ್ಟು ಎಣ್ಣೆ ಚಿಮ್ಮಿಸಿತು ಎಂಬುದರ ಮೇಲೆ ಶಕ್ತಿ. ಆದುದರಿಂದ ಶಕ್ತಿ ಹೆಚ್ಚಿಸುವ ಮೊದಲ ಉಪಾಯ ಎಲ್ಲ ದೇಶದ ಮೇಸ್ತ್ರಿಗಳಿಗೂ ಗೊತ್ತು: ಪಂಪು ತಿರುಗಿಸಿ ಎಣ್ಣೆ ಜಾಸ್ತಿ ಮಾಡುವುದು. 1994ರಿಂದ 1998ರವರೆಗಿನ ಕಮಿನ್ಸ್ ಎಂಜಿನಿನಲ್ಲಿ ಬಾಷ್ ಕಂಪೆನಿಯ ಸಾಲು ಪಂಪು ಇತ್ತು. ಅದರೊಳಗೆ ಎಣ್ಣೆಯ ಮಿತಿಯನ್ನು ಗೊತ್ತುಮಾಡುವ ಒಂದು ಸಣ್ಣ ಉಕ್ಕಿನ ಫಲಕವಿದೆ. ಅದನ್ನು ಅರೆದರೆ ಅಥವಾ ಬದಲಿಸಿದರೆ ಒಂದು ಮಧ್ಯಾಹ್ನದಲ್ಲಿ ನೂರು ಅಶ್ವಶಕ್ತಿ ಏರುತ್ತದೆ. ಬಡವರ ಪಂದ್ಯಗಾರರೆಲ್ಲ ಆ ವರ್ಷಗಳ ಎಂಜಿನನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ನಂತರದ ಗಾಡಿಗಳಲ್ಲಿ ಪಂಪನ್ನು ಗಣಕ ನಡೆಸುತ್ತದೆ. ಅಲ್ಲಿ ಸ್ಪ್ಯಾನರ್ ಬದಲು ಹೊಸ ಲೆಕ್ಕ ತುಂಬುತ್ತಾರೆ, ಅಷ್ಟೇ ವ್ಯತ್ಯಾಸ.

ಆದರೆ ಎಣ್ಣೆಗೆ ತಕ್ಕ ಗಾಳಿ ಬೇಡವೇ? ಒಂದು ಕಿಲೊ ಡೀಸೆಲ್ ಉರಿಯಲು ಲೆಕ್ಕದ ಪ್ರಕಾರ ಹದಿನಾಲ್ಕೂವರೆ ಕಿಲೊ ಗಾಳಿ ಸಾಕು. ಸಿಲಿಂಡರಿನೊಳಗೆ ಎಣ್ಣೆಯೂ ಗಾಳಿಯೂ ಬೆರೆಯಲು ಸಿಗುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು. ಆದುದರಿಂದ ನಿಜವಾಗಿ ಸುಮಾರು 20 ಕಿಲೊ ಬೇಕು; ಅದಕ್ಕಿಂತ ತೀರ ಕೆಳಗೆ ಇಳಿದರೆ ಹೊಗೆ ಕಪ್ಪಾಗುತ್ತದೆ. ಅಲ್ಲಿ ಬೀದಿಯಲ್ಲಿ ಬೇಕೆಂದೇ ಕಪ್ಪು ಹೊಗೆ ಬಿಡುವ ಚಾಳಿಯೊಂದಿದೆ. ಅದನ್ನು ಗಂಡಸುತನವೆಂದು ಭಾವಿಸುವವರೂ ಇದ್ದಾರೆ. ಹೊಗೆ ಶುದ್ಧಿ ಮಾಡುವ ಉಪಕರಣಗಳನ್ನು ಕಿತ್ತುಹಾಕಿದ ಡೀಸೆಲ್ ಪಿಕಪ್‌ಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿದೆ ಎಂದು ಅಲ್ಲಿಯ ಪರಿಸರ ಇಲಾಖೆ 2020ರಲ್ಲಿ ಅಂದಾಜು ಮಾಡಿತು. ಕಪ್ಪು ಹೊಗೆ ಎಂದರೆ ಉರಿಯದ ಎಣ್ಣೆ. ದುಡ್ಡು ಕೊಟ್ಟು ತಂದದ್ದನ್ನು ಆಕಾಶಕ್ಕೆ ಬಿಟ್ಟಂತೆ. ನಿಜವಾದ ಪಂದ್ಯಗಾರರಿಗೂ ಅದು ಇಷ್ಟವಿಲ್ಲ. ಅವರು ಟರ್ಬೊ ಎಂಬ ಗಾಳಿಚಕ್ರದಿಂದ ಗಾಳಿಯನ್ನು ಒತ್ತಿ ತುಂಬುತ್ತಾರೆ. ಒಂದು ಟರ್ಬೊ ಸಾಲದೆ ಒಂದರ ಬಾಯಿಗೆ ಇನ್ನೊಂದನ್ನು ಜೋಡಿಸುತ್ತಾರೆ. ಒಂದೊಂದೂ ಗಾಳಿಯನ್ನು 2.7 ಪಟ್ಟು ಒತ್ತಿದರೆ, ಎರಡೂ ಸೇರಿ ಏಳು ಪಟ್ಟಿಗೂ ಮೇಲೆ. ಗೇಜಿನಲ್ಲಿ ಚದರ ಅಂಗುಲಕ್ಕೆ ಸುಮಾರು 90 ಪೌಂಡು ಒತ್ತಡ. ಲಾರಿಯ ಟೈರಿನಲ್ಲಿ ಇರುವಷ್ಟು ಒತ್ತಡ ಎಂಜಿನಿನ ಬಾಯಲ್ಲಿ!

ಕಾವಿನಿಂದ ಬರುವ ಸಾವು

ಎಣ್ಣೆ ಹೆಚ್ಚಿ ಗಾಳಿ ಕಡಿಮೆಯಾದಾಗ ಮೊದಲು ಏರುವುದು ಕಾವು. ಪಂದ್ಯದ ಗಾಡಿಗಳಲ್ಲಿ ಸೈಲೆನ್ಸರಿಗೆ ಹೋಗುವ ಬಿಸಿ ಗಾಳಿಯ ದಾರಿಯಲ್ಲಿ, ಟರ್ಬೊಗಿಂತ ಮೊದಲೇ, ಒಂದು ಕಾವು ಅಳೆಯುವ ಕಡ್ಡಿ ಇಟ್ಟಿರುತ್ತಾರೆ. ಅದರ ಮುಳ್ಳು 1250 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 675 ಡಿಗ್ರಿ ಸೆಲ್ಸಿಯಸ್, ದಾಟಿ ಬಹಳ ಹೊತ್ತು ನಿಲ್ಲಬಾರದೆಂಬುದು ಅವರಲ್ಲಿ ನಡೆದುಬಂದ ನಿಯಮ. ಪಿಸ್ಟನ್ ಮಾಡಿರುವುದು ಅಲ್ಯೂಮಿನಿಯಮ್‌ನಿಂದ. ಅಲ್ಯೂಮಿನಿಯಮ್ ಕರಗುವುದು 660 ಡಿಗ್ರಿಯಲ್ಲಿ. ಹಾಗಾದರೆ ಪಿಸ್ಟನ್ ಬದುಕಿರುವುದು ಹೇಗೆ? ಉರಿ ಅದನ್ನು ಮುಟ್ಟುವುದು ಕ್ಷಣ ಮಾತ್ರ. ಕೂಡಲೇ ತಂಪು ಗಾಳಿ ಒಳಗೆ ಬರುತ್ತದೆ, ಮತ್ತು ಅಡಿಯಿಂದ ಒಂದು ಸಣ್ಣ ಮೂತಿ ಸದಾ ಎಂಜಿನಾಯಿಲ್ ಚಿಮ್ಮಿಸಿ ಪಿಸ್ಟನ್ನಿನ ತಲೆಯನ್ನು ತಣಿಸುತ್ತಿರುತ್ತದೆ. ಬರುವ ಕಾವಿಗೂ ಹೋಗುವ ಕಾವಿಗೂ ಸಮತೋಲ ಇರುವಷ್ಟು ಕಾಲ ಮಾತ್ರ ಅದಕ್ಕೆ ಆಯುಷ್ಯ.

ಹಾಗಾಗಿ ಇಲ್ಲಿ ಒಂದು ಮುಖ್ಯವಾದ ಭೇದವಿದೆ. ನೇರ ಓಟದ ಗಾಡಿ ಆರೋ ಏಳೋ ಸೆಕೆಂಡು ಪೂರ್ತಿ ಶಕ್ತಿಯಲ್ಲಿರುತ್ತದೆ. ಪಿಸ್ಟನ್ ಬಿಸಿಯಾಗಿ ಮೆತ್ತಗಾಗುವ ಮೊದಲೇ ಓಟ ಮುಗಿದಿರುತ್ತದೆ. ಅದೇ ಗಾಡಿಗೆ ಅದೇ ಪಂಪು ಇಟ್ಟುಕೊಂಡು ಟ್ರೇಲರ್ ಕಟ್ಟಿ ರಾಕಿ ಪರ್ವತದ ಏರಿನಲ್ಲಿ ಇಪ್ಪತ್ತು ನಿಮಿಷ ಎಳೆದರೆ ಪಿಸ್ಟನ್ನಿನ ಅಂಚು ಕರಗಿ ಸಿಲಿಂಡರಿನ ಗೋಡೆಗೆ ಹಿಡಿದುಕೊಳ್ಳುತ್ತದೆ. ಪಂದ್ಯದಲ್ಲಿ ಬದುಕಿದ ಎಂಜಿನು ಮನೆಗೆ ಹಿಂದಿರುಗುವ ದಾರಿಯಲ್ಲಿ ಸತ್ತ ಕಥೆಗಳಿಗೆ ಕಾರಣ ಇದೇ. ಸೆಕೆಂಡಿನ ಲೆಕ್ಕದ ಎಂಜಿನು ಬೇರೆ, ಗಂಟೆಯ ಲೆಕ್ಕದ ಎಂಜಿನು ಬೇರೆ.

ತಯಾರಕರಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಎಂಜಿನನ್ನು ಗಾಡಿಗೆ ಕೊಡುವಾಗ ಹೆಚ್ಚು ಅಶ್ವಶಕ್ತಿಗೂ, ನೀರಿನ ಪಂಪಿಗೋ ವಿದ್ಯುತ್ ಜನರೇಟರಿಗೋ ಕೊಡುವಾಗ ಕಡಿಮೆ ಅಶ್ವಶಕ್ತಿಗೂ ಹೊಂದಿಸಿ ಕೊಡುತ್ತಾರೆ. ಗಾಡಿ ಏರಿದಷ್ಟೇ ಇಳಿಯುತ್ತದೆ, ನಿಲ್ಲುತ್ತದೆ. ಪಂಪಿಗೆ ಇಳಿಜಾರು ಎಂಬುದಿಲ್ಲ. ನಮ್ಮ ದೇಶದ ಮಾನಕದಂತೆ ಸ್ಥಿರ ಡೀಸೆಲ್ ಎಂಜಿನು ತನ್ನ ಫಲಕದ ಮೇಲೆ ಬರೆದ ಶಕ್ತಿಗಿಂತ ಶೇ. 10ರಷ್ಟು ಹೆಚ್ಚನ್ನು 12 ಗಂಟೆಗಳಲ್ಲಿ ಒಂದು ಗಂಟೆ ಮಾತ್ರ ಕೊಡಬಲ್ಲದಾಗಿರಬೇಕು. ಆ ಒಂದು ಗಂಟೆಯ ಅಂಚು ತುರ್ತಿಗಾಗಿ ಇಟ್ಟದ್ದು, ದಿನವಿಡೀ ಉಣ್ಣಲು ಅಲ್ಲ. ಹೂಮಳೆ ಬಾರದ ವರ್ಷ ರೊಬಸ್ಟಾಕ್ಕೆ ನೀರು ಹಾಯಿಸಲು ಫೆಬ್ರವರಿ, ಮಾರ್ಚಿಯಲ್ಲಿ ನಾವು ಎಂಜಿನನ್ನು ಹಗಲು ರಾತ್ರಿ ಓಡಿಸುತ್ತೇವೆ. ಇನ್ನೆರಡು ಜೆಟ್ ಹೆಚ್ಚು ತಿರುಗಲಿ ಎಂದು ಪಂಪಿನ ಸ್ಕ್ರೂ ತಿರುಗಿಸಿ ಹೋಗುವ ಮೇಸ್ತ್ರಿ ಸೆಕೆಂಡಿನ ಎಂಜಿನಿನ ಉಪಾಯವನ್ನು ಗಂಟೆಯ ಎಂಜಿನಿಗೆ ಮಾಡಿದಂತಾಯಿತು. ಮೊದಲ ದಿನ ಏನೂ ಆಗುವುದಿಲ್ಲ. ಹೂ ಬಿಟ್ಟು, ಎರಡನೆಯ ಸುತ್ತಿನ ನೀರು ಬೇಕಾದ ವಾರದಲ್ಲಿ ಎಂಜಿನು ಹಿಡಿದುಕೊಂಡರೆ ಲೈನರ್, ಪಿಸ್ಟನ್ ತರಿಸಿ ಜೋಡಿಸುವಷ್ಟರಲ್ಲಿ ಫಸಲಿನ ಕಾಲ ದಾಟಿರುತ್ತದೆ. ಜೆಟ್‌ಗಳ ಸಂಖ್ಯೆಯನ್ನೇ ಎರಡು ಕಡಿಮೆ ಮಾಡಿ ಇನ್ನೊಂದು ದಿನ ಹೆಚ್ಚು ಓಡಿಸುವುದು ಅಗ್ಗ.

ಒತ್ತಡದಿಂದ ಬರುವ ಸಾವು

5.9 ಲೀಟರ್ ಎಂಜಿನಿನ ಪಿಸ್ಟನ್ನಿನ ಅಡ್ಡಳತೆ 102 ಮಿಲಿಮೀಟರ್. ಅದರ ತಲೆಯ ವಿಸ್ತೀರ್ಣ ಸುಮಾರು 82 ಚದರ ಸೆಂಟಿಮೀಟರ್. ಉರಿಯ ಒತ್ತಡ ಚದರ ಸೆಂಟಿಮೀಟರಿಗೆ 150 ಕಿಲೊ ಎಂದಿಟ್ಟುಕೊಂಡರೆ, ಪ್ರತಿ ಉರಿಯಲ್ಲೂ ಪಿಸ್ಟನ್ನಿನ ಮೇಲೆ 12 ಟನ್ ಬೀಳುತ್ತದೆ. ಅಷ್ಟೇ ಬಲ ಮೇಲೆ ಹೆಡ್ಡನ್ನೂ ಎತ್ತಲು ನೋಡುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ಇದು ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ. ಟರ್ಬೊ ಒತ್ತಿದಷ್ಟೂ, ಎಣ್ಣೆ ಬೀಳುವ ಕಾಲವನ್ನು ಮುಂದೆ ತಂದಷ್ಟೂ ಈ ಒತ್ತಡ ಏರುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಉರಿ ತುಂಬಿದರೆ, ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ತಳ್ಳಿದ ಹಾಗೆ. ನಡುವೆ ಸಿಕ್ಕಿದ್ದು ಸೋಲಬೇಕು.

ಮೊದಲು ಸೋಲುವುದು ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್. ಇದರ ಬಗ್ಗೆ ಅತಿ ಹೆಚ್ಚು ಚರ್ಚೆಯಾದದ್ದು 2003ರಿಂದ 2007ರವರೆಗೆ ಫೋರ್ಡ್ ಪಿಕಪ್‌ಗಳಲ್ಲಿ ಬಂದ 6.0 ಲೀಟರ್ ಪವರ್ ಸ್ಟ್ರೋಕ್ ಎಂಜಿನು. ಇದರಲ್ಲಿ ಒಂದೊಂದು ಸಿಲಿಂಡರಿನ ಸುತ್ತ ಹೆಡ್ಡನ್ನು ಹಿಡಿದಿರುವುದು ನಾಲ್ಕೇ ದೊಡ್ಡ ಬೋಲ್ಟು. ಶಕ್ತಿ ಏರಿಸಿದಾಗ ಬೋಲ್ಟು ಹಿಗ್ಗಿ, ಹೆಡ್ಡು ಕೂದಲೆಳೆಯಷ್ಟು ಎದ್ದು, ಉರಿ ನೀರಿನ ದಾರಿಗೆ ನುಗ್ಗುತ್ತದೆ. ರೇಡಿಯೇಟರಿನ ಡಬ್ಬಿ ನೊರೆ ಕಾರುತ್ತದೆ. ಮಾಲೀಕರು ಬೋಲ್ಟುಗಳನ್ನು ಬದಲಿಸಿ ಬಲವಾದ ಸ್ಟಡ್ಡು ಹಾಕಿಸಿದರು. ಕೆಲವರಿಗೆ ಗುಣವಾಯಿತು, ಕೆಲವರಿಗೆ ಮತ್ತೆ ಅದೇ ಗತಿ.

ಏಕೆಂದರೆ ರೋಗದ ಬುಡ ಬೇರೆ ಕಡೆ ಇತ್ತು. ಆ ಎಂಜಿನಿನಲ್ಲಿ ಎಂಜಿನಾಯಿಲ್ ತಣಿಸುವ ಒಂದು ಕೂಲರ್ ಇದೆ; ಅದರ ನೀರಿನ ಸಂದುಗಳು ಬಹಳ ಕಿರಿದು. ಎರಕದ ಮರಳಿನ ಉಳಿಕೆಯೂ ನೀರಿನ ಕೆಸರೂ ಅದರಲ್ಲಿ ಕಟ್ಟಿಕೊಂಡವು. ಅದರ ಮುಂದೆ, ಸುಟ್ಟ ಗಾಳಿಯನ್ನು ತಣಿಸುವ ಇನ್ನೊಂದು ಕೂಲರಿಗೆ ನೀರು ಸಾಲದಾಯಿತು. ಅದು ಒಣಗಿ ಕಾದು ಬಿರಿಯಿತು. ಬಿರಿದ ಕೂಲರಿನಿಂದ ನೀರು ಸಿಲಿಂಡರಿನ ದಾರಿಗೆ ಬಂತು, ಆವಿಯ ಒತ್ತಡ ಏರಿತು, ಕೊನೆಗೆ ಗ್ಯಾಸ್ಕೆಟ್ ಹೋಯಿತು. ಕೊನೆಯದಾಗಿ ಒಡೆದದ್ದನ್ನು ಬದಲಿಸಿದವರು ಎರಡು ಸಲ ದುಡ್ಡು ಕೊಟ್ಟರು. ಮೊದಲು ಕಟ್ಟಿಕೊಂಡದ್ದನ್ನು ಹುಡುಕಿದವರು ಒಂದು ಸಲ ಕೊಟ್ಟರು. ಈಗ ಅನುಭವಸ್ಥರು ಎಂಜಿನಾಯಿಲಿನ ಕಾವಿಗೂ ನೀರಿನ ಕಾವಿಗೂ ಇರುವ ಅಂತರವನ್ನು ನೋಡುತ್ತಾರೆ. ಅಂತರ ದಿನೇ ದಿನೇ ಹೆಚ್ಚಿದರೆ ಕೂಲರ್ ಕಟ್ಟುತ್ತಿದೆ ಎಂದು ಅರ್ಥ. ಈ ಎಂಜಿನಿನ ವಿಷಯದಲ್ಲಿ ಫೋರ್ಡಿಗೂ ಅದನ್ನು ತಯಾರಿಸಿಕೊಟ್ಟ ನ್ಯಾವಿಸ್ಟಾರಿಗೂ 2007ರಲ್ಲಿ ನ್ಯಾಯಾಲಯದವರೆಗೆ ಜಗಳ ಹೋಯಿತು.

ಡ್ಯುರಮ್ಯಾಕ್ಸ್ ಎಂಜಿನಿನ ಕಥೆ ಬೇರೆ. 2006-07ರಲ್ಲಿ ಬಂದ ಮಾದರಿ ಒಳ್ಳೆಯ ಹೆಸರು ಪಡೆದದ್ದು. ಆದರೆ ಶಕ್ತಿ ಏರಿಸಿದಾಗ ಅದರ ಪಿಸ್ಟನ್ ಪಿನ್ನಿನ ನೇರಕ್ಕೆ ಅಡ್ಡಲಾಗಿ ಬಿರುಕು ಬಿಡುತ್ತದೆ. ಇನ್ನೂ ಹೆಚ್ಚಿಗೆ ಹೋದವರಲ್ಲಿ ಕ್ರ್ಯಾಂಕ್ ಶಾಫ್ಟೇ ಮುಂಭಾಗದಲ್ಲಿ ತುಂಡಾಗುತ್ತದೆ. ಮುಂದಿನ ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಉರಿಯುವುದರಿಂದ ಕ್ರ್ಯಾಂಕಿನ ಮೂತಿ ತಿರುಚುತ್ತದೆ ಎಂಬುದು ಅನೇಕರ ಅಭಿಪ್ರಾಯ. ಅದಕ್ಕಾಗಿ ಉರಿಯುವ ಸರದಿಯನ್ನೇ ಬದಲಿಸುವ ಬೇರೆ ಕ್ಯಾಮ್ ಶಾಫ್ಟ್ ಹಾಕುತ್ತಾರೆ.

ಮೂರನೆಯ ಬಗೆ ವೇಗದ ಸಾವು, ಇದನ್ನು ಬೇಗ ಹೇಳಬಹುದು. ಕಾರ್ಖಾನೆಯವರು 2500ರಿಂದ 2700 ಸುತ್ತಿಗೆ ಗವರ್ನರ್ ಕಟ್ಟಿಟ್ಟ ಎಂಜಿನಿಗೆ ಬಿಗಿಯಾದ ಸ್ಪ್ರಿಂಗ್ ಹಾಕಿ 4000, 5000 ಓಡಿಸುತ್ತಾರೆ. ವೇಗ ಎರಡು ಪಟ್ಟಾದರೆ ಪಿಸ್ಟನ್ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ನಾಲ್ಕು ಪಟ್ಟು. ರಾಡಿನ ಬೋಲ್ಟು ಕಿತ್ತು ಬಂದರೆ ರಾಡು ಬ್ಲಾಕಿನ ಗೋಡೆಯಲ್ಲಿ ಕಿಟಕಿ ತೆರೆದು ಹೊರಗೆ ಬರುತ್ತದೆ. ಮಿತಿಮೀರಿದ ಶಕ್ತಿಯಲ್ಲಿ ಬ್ಲಾಕೇ ಮೇಲಿನ ಭಾಗ, ಕೆಳಗಿನ ಭಾಗವೆಂದು ಎರಡು ಹೋಳಾದದ್ದೂ ಉಂಟು. ಅಲ್ಲಿಗೆ ಓವರಾಲಿನ ಮಾತೇ ಇಲ್ಲ.

ಸಣ್ಣ ಪಿನ್ನು, ಸಣ್ಣ ಪಂಪು

ಇವೆಲ್ಲ ಆಸೆಪಟ್ಟು ತಂದುಕೊಂಡ ಸಾವುಗಳು. ಪಂದ್ಯಕ್ಕೇ ಹೋಗದ ಗಾಡಿಗಳನ್ನು ಕೆಡವಿದ ಸಣ್ಣ ಸಂಗತಿಗಳು ಇನ್ನೂ ಸ್ವಾರಸ್ಯವಾಗಿವೆ.

ಹಳೆಯ 5.9 ಕಮಿನ್ಸ್ ಎಂಜಿನಿನಲ್ಲಿ ಟೈಮಿಂಗ್ ಗೇರುಗಳ ಪೆಟ್ಟಿಗೆಯನ್ನು ಬ್ಲಾಕಿಗೆ ನೇರವಾಗಿ ಕೂರಿಸಲು ಬೆರಳ ತುದಿಯಷ್ಟು ಒಂದು ಉಕ್ಕಿನ ಪಿನ್ನು ಇದೆ. ಅದನ್ನು ಬಡಿದು ಕೂರಿಸಿದ್ದಾರೆಯೇ ಹೊರತು ಹಿಡಿದಿಡಲು ಏನೂ ಇಲ್ಲ. ವರ್ಷಗಟ್ಟಲೆ ಅದುರಿ ಅದುರಿ ಕೆಲವು ಎಂಜಿನುಗಳಲ್ಲಿ ಅದು ಹೊರಗೆ ಬಂದು ಓಡುವ ಗೇರುಗಳ ನಡುವೆ ಬೀಳುತ್ತದೆ. ಅದೃಷ್ಟವಿದ್ದರೆ ನೇರ ಎಣ್ಣೆಯ ತೊಟ್ಟಿಗೆ. ಇಲ್ಲದಿದ್ದರೆ ಪೆಟ್ಟಿಗೆ ಒಡೆದು ಕ್ಯಾಮಿನ ಕಾಲ ತಪ್ಪಿ ಕವಾಟಗಳು ಪಿಸ್ಟನ್ನಿಗೆ ಬಡಿಯುತ್ತವೆ. ಅದನ್ನು ಅವರು ಕೊಲೆಗಡುಕ ಪಿನ್ನು ಎಂದೇ ಕರೆಯುತ್ತಾರೆ. ಪರಿಹಾರ ಏನು ಗೊತ್ತೇ? ಪಕ್ಕದ ಬೋಲ್ಟಿನ ಅಡಿಗೆ ಒಂದು ತಗಡಿನ ತುಂಡು ಕೊಟ್ಟು ಪಿನ್ನಿನ ಬಾಯಿಗೆ ಅಡ್ಡ ನಿಲ್ಲಿಸುವುದು. 2000 ಅಶ್ವಶಕ್ತಿ ಕನಸು ಕಾಣುವವರೂ ಚಳಿಗಾಲದಲ್ಲಿ ಮೊದಲು ಮಾಡುವ ಕೆಲಸ ಈ ತಗಡು ಹಾಕುವುದು.

1998ರ ನಡುವೆ ಬಂದ 24 ಕವಾಟಗಳ ಮಾದರಿಯಲ್ಲಿ ದುಬಾರಿಯಾದ ಒಂದು ಎಣ್ಣೆ ಪಂಪು ಇತ್ತು. ಅದು ತನ್ನ ಮೂಲಕ ಹರಿಯುವ ಡೀಸೆಲಿನಿಂದಲೇ ತಣಿದು, ಅದರಿಂದಲೇ ಜಿಡ್ಡು ಪಡೆಯಬೇಕು. ಅದಕ್ಕೆ ತೊಟ್ಟಿಯಿಂದ ಎಣ್ಣೆ ತಂದು ಕೊಡುವ ಅಗ್ಗದ ಸಣ್ಣ ಪಂಪು ಸೋತಾಗ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಓಡುತ್ತ ಓಡುತ್ತ ದೊಡ್ಡ ಪಂಪು ಒಣಗಿ ಸಾಯುತ್ತದೆ. ಒಂದು ಸಣ್ಣ ಒತ್ತಡದ ಗೇಜು ಇದ್ದಿದ್ದರೆ ಮೊದಲೇ ತಿಳಿಯುತ್ತಿತ್ತು. ಅದೇ ಕಾಲದ ಬ್ಲಾಕುಗಳಲ್ಲಿ 53 ಎಂಬ ಎರಕದ ಅಂಕಿ ಇರುವವು ಕೆಲವು ನೀರಿನ ಗೋಡೆ ತೆಳುವಾಗಿ ಬಿರುಕು ಬಿಟ್ಟವು. ಹಳೆಯ ಎಂಜಿನು ಕೊಳ್ಳುವವರು ಈಗಲೂ ಬಗ್ಗಿ ಕುಳಿತು ಬ್ಲಾಕಿನ ಪಕ್ಕೆಯಲ್ಲಿ ಆ ಅಂಕಿಯನ್ನು ಹುಡುಕುತ್ತಾರೆ. ಪಂದ್ಯಕ್ಕೆ ಕಟ್ಟುವವರಂತೂ ಆ ಬ್ಲಾಕನ್ನು ಮುಟ್ಟುವುದಿಲ್ಲ.

ಬಿಚ್ಚಿದ ಎಂಜಿನನ್ನು ಓದುವುದು

ಚಳಿಗಾಲದ ಕೆಲಸವೆಂದರೆ ಬರಿಯ ಬಿಡಿಭಾಗ ಬದಲಿಸುವುದಲ್ಲ. ಬಿಚ್ಚಿದ ಬೇರಿಂಗುಗಳನ್ನು ಸಾಲಾಗಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ ಇಟ್ಟು ನೋಡುತ್ತಾರೆ. ಒಂದೇ ಬದಿ ಸವೆದಿದ್ದರೆ ರಾಡು ಬಾಗಿದೆ. ಎಲ್ಲದರ ಮೇಲ್ಭಾಗ ಮಾತ್ರ ಹೊಳೆಯುತ್ತಿದ್ದರೆ ಒತ್ತಡ ಮಿತಿ ಮೀರಿದೆ. ಸಣ್ಣ ಗೀರುಗಳಿದ್ದರೆ ಎಣ್ಣೆಯಲ್ಲಿ ಧೂಳು ಹೋಗಿದೆ. ಕ್ರ್ಯಾಂಕಿಗೆ ಅಯಸ್ಕಾಂತದ ಶಕ್ತಿ ಹಾಯಿಸಿ ಕಬ್ಬಿಣದ ನುಣುಪು ಪುಡಿ ಹಾಕುತ್ತಾರೆ. ಕಣ್ಣಿಗೆ ಕಾಣದ ಬಿರುಕಿನ ಮೇಲೆ ಪುಡಿ ಗೆರೆಯಾಗಿ ನಿಲ್ಲುತ್ತದೆ. ಕೆಲವರು ಪಂದ್ಯದ ಕಾಲದಲ್ಲೇ ಹಳೆಯ ಎಂಜಿನಾಯಿಲಿನ ಒಂದು ಸಣ್ಣ ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸೀಸ, ತಾಮ್ರ ಹೆಚ್ಚಿದ್ದರೆ ಬೇರಿಂಗ್. ಅಲ್ಯೂಮಿನಿಯಮ್ ಹೆಚ್ಚಿದ್ದರೆ ಪಿಸ್ಟನ್. ಸೋಡಿಯಮ್ ಕಂಡರೆ ರೇಡಿಯೇಟರಿನ ನೀರು ಸೇರಿದೆ. ಸಿಲಿಕಾನ್ ಏರಿದ್ದರೆ ಗಾಳಿಯ ಜೊತೆ ಧೂಳು. ಮಣ್ಣಿನ ಪರೀಕ್ಷೆಗೆ ಮಣ್ಣು ಕಳಿಸುವ ನಮಗೆ ಈ ಕ್ರಮ ಹೊಸದೆನಿಸದು.

ಮತ್ತೊಂದು ಸಂಗತಿ. ಡೀಸೆಲ್ ಎಂಜಿನಿಗೆ ಕಿಡಿಯ ಹಂಗಿಲ್ಲವಾದ್ದರಿಂದ, ಟರ್ಬೊ ಸೀಲು ಹೋಗಿ ಎಂಜಿನಾಯಿಲೇ ಒಳಗೆ ನುಗ್ಗಿದರೆ ಎಂಜಿನು ತನ್ನ ಎಣ್ಣೆಯನ್ನೇ ಕುಡಿದು ವೇಗ ಏರಿಸುತ್ತಾ ಹೋಗುತ್ತದೆ. ಆಗ ಡೀಸೆಲ್ ಕಡಿದರೂ ನಿಲ್ಲದು. ಗಾಳಿ ಕಡಿಯಬೇಕು. ಭಾರ ಎಳೆಯುವ ಪಂದ್ಯದ ಗಾಡಿಗಳಲ್ಲಿ ಇದಕ್ಕಾಗಿಯೇ ಗಾಳಿಯ ಬಾಯಿಗೆ ಒಂದು ಹಲಗೆ ಬಾಗಿಲು ಇರುತ್ತದೆ. ಅದರ ತಂತಿಯನ್ನು ಎಳೆಯುವ ಬಂಡಿಗೆ ಕಟ್ಟಿರುತ್ತಾರೆ. ಗಾಡಿ ಬಂಡಿಯಿಂದ ಕಳಚಿಕೊಂಡ ಕ್ಷಣ ತಂತಿ ಸೆಳೆದು ಬಾಗಿಲು ಬೀಳುತ್ತದೆ. ತೋಟದ ಎಂಜಿನು ಹೀಗೆ ಹುಚ್ಚೆದ್ದರೆ ಅಂಗೈ ಅಡ್ಡ ಇಡಲು ಯಾರೂ ಹೋಗಬಾರದು. ಹೀರುವ ಬಲಕ್ಕೆ ಕೈ ಸಿಕ್ಕಿಬೀಳುತ್ತದೆ. ಬಾಯಿ ಪೂರ್ತಿ ಮುಚ್ಚುವಷ್ಟು ದಪ್ಪ ಹಲಗೆಯ ತುಂಡೊಂದನ್ನು ಪಂಪಿನ ಮನೆಯಲ್ಲಿ ಇಟ್ಟಿರುವುದು ಲೇಸು.

ಗಾಳಿಯ ಮಾತು ಬಂದಾಗ ಕಮಿನ್ಸ್ ಕಂಪೆನಿಯದೇ ಒಂದು ಹಳೆಯ ಪಂದ್ಯವನ್ನು ಹೇಳಬೇಕು. 1919ರಲ್ಲಿ ಇಂಡಿಯಾನಾದ ಕೊಲಂಬಸ್ ಊರಿನಲ್ಲಿ ಕ್ಲೆಸಿ ಕಮಿನ್ಸ್ ಎಂಬ ಮೆಕ್ಯಾನಿಕ್ ಆರಂಭಿಸಿದ ಈ ಕಂಪೆನಿ, ಡೀಸೆಲಿನ ಯೋಗ್ಯತೆ ಜನಕ್ಕೆ ತೋರಿಸಲು ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯಕ್ಕೆ ಕಾರು ಕಳಿಸುತ್ತಿತ್ತು. 1931ರಲ್ಲಿ ಅವರ ಕಾರು ಎಲ್ಲಿಯೂ ನಿಲ್ಲದೆ 500 ಮೈಲಿಯನ್ನೂ ಓಡಿ 13ನೆಯ ಸ್ಥಾನ ಪಡೆಯಿತು. ಪೆಟ್ರೋಲ್ ಕಾರುಗಳು ಎಣ್ಣೆಗಾಗಿ ನಿಲ್ಲುತ್ತಿದ್ದಾಗ ಇದು ಎತ್ತಿನಂತೆ ಸುಮ್ಮನೆ ಸುತ್ತುತ್ತಿತ್ತು. 1952ರಲ್ಲಿ ಟರ್ಬೊ ಇಟ್ಟ ಡೀಸೆಲ್ ಕಾರನ್ನು ತಂದರು. ಫ್ರೆಡ್ ಅಗಬಾಶಿಯನ್ ಎಂಬವರು ಅದನ್ನು ಅರ್ಹತಾ ಓಟದಲ್ಲಿ ಗಂಟೆಗೆ 138 ಮೈಲಿಗೆ ಓಡಿಸಿ ಎಲ್ಲರಿಗಿಂತ ಮುಂದಿನ ಸ್ಥಾನ ಗಳಿಸಿದರು. ಆದರೆ ಪಂದ್ಯದಲ್ಲಿ 200 ಸುತ್ತುಗಳ ಪೈಕಿ 71ಕ್ಕೇ ಕಾರು ನಿಂತಿತು. ಪಿಸ್ಟನ್ ಹೋಗಿರಲಿಲ್ಲ, ಕ್ರ್ಯಾಂಕ್ ಗಟ್ಟಿಯಾಗಿತ್ತು. ಟರ್ಬೊ ಗಾಳಿ ಎಳೆಯುವ ಬಾಯಿ ನೆಲಕ್ಕೆ ಹತ್ತಿರವಿದ್ದು, ಬೇರೆ ಕಾರುಗಳ ಟೈರಿನಿಂದ ಎದ್ದ ರಬ್ಬರಿನ ಚೂರು, ಕಸ ಅದರಲ್ಲಿ ತುಂಬಿ ಕಟ್ಟಿಕೊಂಡಿತ್ತು.

ಸ್ಪ್ರಿಂಕ್ಲರ್ ಎಂಜಿನನ್ನು ನಾವು ಇಡುವುದೂ ಒಣಗಿದ ಕೆರೆ ಏರಿಯ ಮೇಲೆ, ಜೀಪು ಓಡಾಡುವ ಧೂಳಿನ ದಾರಿಯ ಪಕ್ಕದಲ್ಲಿ, ನೆಲದಿಂದ ಮೊಣಕಾಲೆತ್ತರದಲ್ಲಿ. ಎಣ್ಣೆಯ ಬೋಗುಣಿ ಇರುವ ಏರ್ ಕ್ಲೀನರಾದರೆ ನೀರು ಹಾಯಿಸುವ ದಿನಗಳಲ್ಲಿ ವಾರ ಕಾಯದೆ ಬಿಚ್ಚಿ ನೋಡಬೇಕು. ತಳದಲ್ಲಿ ಕೆಸರು ಬೆರಳಿಗೆ ಸಿಗುವಷ್ಟು ಕೂತಿದ್ದರೆ ಎಣ್ಣೆ ಚೆಲ್ಲಿ, ಬೋಗುಣಿಯನ್ನೂ ಜಾಲರಿಯನ್ನೂ ಡೀಸೆಲಿನಲ್ಲಿ ತೊಳೆದು, ಗುರುತಿನ ಗೆರೆಯವರೆಗೆ ಮಾತ್ರ ಹೊಸ ಎಣ್ಣೆ ಹಾಕತಕ್ಕದ್ದು. ಗೆರೆ ದಾಟಿ ತುಂಬಿದರೆ ಎಂಜಿನು ಆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಕಾಗದದ ಫಿಲ್ಟರಾದರೆ ಕೊಡವಿ ಮತ್ತೆ ಹಾಕುವ ಲೋಭ ಬೇಡ. ಕೊಡವುವಾಗ ಕಾಗದ ಒಂದು ಕಡೆ ಹರಿದರೂ ಧೂಳು ಅಲ್ಲಿಂದಲೇ ಒಳಗೆ ಹೋಗುತ್ತದೆ.